ಹಳೆ ಹಾರ್ಡ್ ಡಿಸ್ಕಿನ ವೇಗ ಲೆಕ್ಕ ಹಾಕುವುದು ಹೀಗೆ

ಹಳೆ ಕಂಪ್ಯೂಟರ್‌ಗಳಿಂದ ಫೋಟೊ, ಲೆಕ್ಕಪತ್ರ ತೆಗೆದುಕೊಡುವುದು ನನ್ನ ಕೆಲಸ. ಎಷ್ಟು ಹೊತ್ತು ಹಿಡಿಯುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಬೇಕಾದರೆ ಡಿಸ್ಕಿನ ಮೇಲಿರುವ ಅಂಕಿ ಬೈಟಿನದ್ದೋ ಬಿಟ್ಟಿನದ್ದೋ ಅಂತ ಮೊದಲು ಗೊತ್ತಿರಬೇಕು. 8 ಬಿಟ್ ಸೇರಿದರೆ 1 ಬೈಟ್.

ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕಿನಲ್ಲಿ 'ಎಟಿಎ/133' ಅಂತಿದ್ದರೆ ಅದು ಸೆಕೆಂಡಿಗೆ 133 ಮೆಗಾಬೈಟ್. 8ರಿಂದ ಗುಣಿಸಿ: 1,064 ಮೆಗಾಬಿಟ್, ಅಂದರೆ ಸುಮಾರು 1.06 ಗಿಗಾಬಿಟ್. ಹಳೆ ಸರ್ವರ್‌ಗಳಲ್ಲಿ ಸಿಗುವ ಅಲ್ಟ್ರಾ320 ಸ್ಕಸಿ ಡಿಸ್ಕಿಗೂ ಇದೇ ಲೆಕ್ಕ: 320 ಮೆಗಾಬೈಟ್, ಅಂದರೆ 2.56 ಗಿಗಾಬಿಟ್.

ಐಡಿಇ ಕೇಬಲ್ಲನ್ನೂ ಹತ್ತಿರ ಹಿಡಿದು ನೋಡಿ. 80 ಸಣ್ಣ ಎಳೆಗಳಿದ್ದರೆ ಸರಿ. 40 ದಪ್ಪ ಎಳೆಗಳಷ್ಟೇ ಇದ್ದರೆ ವೇಗ 33 ಮೆಗಾಬೈಟಿಗೇ ನಿಲ್ಲುತ್ತದೆ, ಡಿಸ್ಕಿನ ಮೇಲೆ ಏನೇ ಬರೆದಿರಲಿ.

ಐಡಿಇ ನಂತರ ಬಂದ, ಸಣ್ಣ ಕೇಬಲ್ಲಿನ ಸಾಟಾ ಡಿಸ್ಕಿಗೆ ಬಂದಾಗ ಹುಷಾರು. ಅಲ್ಲಿನ 1.5 ಗಿಗಾಬಿಟ್ ಅನ್ನು 8ರಿಂದ ಭಾಗಿಸಿ 187 ಮೆಗಾಬೈಟ್ ಅಂದುಕೊಳ್ಳಬೇಡಿ. ಪ್ರತಿ 8 ಬಿಟ್ ಮಾಹಿತಿ ತಂತಿಯಲ್ಲಿ 10 ಬಿಟ್ಟಾಗಿ ಹೋಗುತ್ತದೆ. ಹಾಗಾಗಿ 10ರಿಂದ ಭಾಗಿಸಿ: 150 ಮೆಗಾಬೈಟ್. 3 ಗಿಗಾಬಿಟ್‌ಗೆ 300, 6ಕ್ಕೆ 600.

ವಿಂಡೋಸ್ 1,000ದ ಬದಲು 1,024ರ ಲೆಕ್ಕದಲ್ಲಿ ತೋರಿಸುವುದರಿಂದ 133 ಅಲ್ಲಿ ಸುಮಾರು 127 ಆಗುತ್ತದೆ. ಕಡಿಮೆ ಬಂತು ಅಂತ ಸುಮ್ನೆ ಗಾಬರಿಯಾಗಬೇಡಿ.

ಇವೆಲ್ಲ ಗರಿಷ್ಠ ಮಿತಿಗಳು. ಯುಎಸ್‌ಬಿ 2.0 ಅಡಾಪ್ಟರ್ ಹಾಕಿದರೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್ ಮಿತಿ. ಕೈಗೆ ಸಿಗುವುದು 35ರ ಆಸುಪಾಸು. ಡಿಸ್ಕ್ ಚೆನ್ನಾಗಿದ್ದು, ದೊಡ್ಡ ಫೈಲುಗಳೇ ಜಾಸ್ತಿ ಇದ್ದರೆ 40 ಗಿಗಾಬೈಟಿಗೆ ಸುಮಾರು 19 ನಿಮಿಷ.