ನೋಟ್‌ಬುಕ್ಕಿನ ಕೊನೆಯ ಪುಟ

ಅಮ್ಮ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಕೆಲಸ ಬಿಟ್ಟು ನಾನೇ ನೋಡಿಕೊಳ್ಳುತ್ತಿದ್ದೆ. "ಕರ್ತನೇ, ಇದು ನಿನಗೆ ನನ್ನ ಕಾಣಿಕೆ" ಎಂದು ದಿನಾ ಬೆಳಿಗ್ಗೆ ಪ್ರಾರ್ಥಿಸುತ್ತಿದ್ದೆ. ಮನಸಾರೆಯೇ ಹೇಳುತ್ತಿದ್ದೆ.

ಅಮ್ಮನ ಮಾತ್ರೆಗಳಿಗೆ ಒಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ಗಂಟೆಗೆ ಯಾವುದು ಕೊಟ್ಟೆ, ಜ್ವರ ಎಷ್ಟಿತ್ತು, ಎಲ್ಲ ಅದರಲ್ಲೇ. ಒಂದು ರಾತ್ರಿ ಖಾಲಿ ಹಾಳೆ ಹುಡುಕುವಾಗ ಕೊನೆಯ ಪುಟ ತೆರೆದುಕೊಂಡಿತು. ಅಲ್ಲಿ ನನ್ನದೇ ಅಕ್ಷರದಲ್ಲಿ ಅಣ್ಣ ಬಂದುಹೋದ ತಾರೀಕುಗಳು. ಪಕ್ಕದಲ್ಲಿ, ಎಷ್ಟು ಹೊತ್ತು ಇದ್ದ ಅಂತ. 'ಮುಕ್ಕಾಲು ಗಂಟೆ' ಅನ್ನುವುದರ ಕೆಳಗೆ ಎರಡು ಗೆರೆ. ಪೆನ್ನು ಎಷ್ಟು ಒತ್ತಿದ್ದೆ ಅಂದರೆ ಹಾಳೆಯ ಹಿಂಬದಿಗೆ ಗೆರೆ ಉಬ್ಬಿತ್ತು.

ಲೂಕನ ಸುವಾರ್ತೆ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಹಿರಿಯ ಮಗ ನೆನಪಾದ. ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ತಂದೆ ಔತಣ ಮಾಡಿಸಿದಾಗ ಸಿಟ್ಟಾದವನು. ತಪ್ಪಿಹೋದ ತಮ್ಮನ ಬಗ್ಗೆ ಎಷ್ಟು ಪ್ರಸಂಗ ಕೇಳಿದ್ದೇನೋ. ಆ ಕಥೆಯ ಅಣ್ಣನ ಹತ್ತಿರ ನಾನು ನಿಂತೇ ಇರಲಿಲ್ಲ. ಅವನು ಮನೆ ಬಿಟ್ಟು ಹೋಗಲಿಲ್ಲ, ಹೊಲದಲ್ಲಿ ದುಡಿದ. ಆದರೆ ಎಣಿಸುತ್ತಿದ್ದ. ಇಷ್ಟು ವರ್ಷ ಸೇವೆ ಮಾಡಿದೆ, ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಅಂದ. ನಾನೂ ಅದೇ ತಾನೇ? ಕೆಲಸ, ನಿದ್ದೆ, ಸಮಯ ಎಲ್ಲ ದೇವರಿಗೆ ಕೊಟ್ಟಿದ್ದೆ. ಲೆಕ್ಕ ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.

ಆ ಹಾಳೆ ಹರಿದೆ. ತಲೆಯೊಳಗಿನ ಲೆಕ್ಕ ಹಾಗೇ ಉಳಿಯಿತು.

ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆತ್ಸೇಮನೆ ತೋಟ, ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಜಾಗ. ಯೇಸು ಸ್ವಾಮಿ ನೇರವಾಗಿ 'ನಿನ್ನ ಚಿತ್ತವೇ ಆಗಲಿ' ಅನ್ನಲಿಲ್ಲ. ಮೊದಲು, ಸಾಧ್ಯವಾದರೆ ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ನನ್ನಿಂದ ತೊಲಗಲಿ ಎಂದು ಬೇಡಿಕೊಂಡ. ಮೂರನೆಯ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದ ಎಂದು ಮತ್ತಾಯ ಬರೆಯುತ್ತಾನೆ. ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರಿಗೆ ನನ್ನ ಜೊತೆ ಎಚ್ಚರವಾಗಿರಿ ಅಂತಲೂ ಹೇಳಿದ. ದೇವರ ಮಗನೇ ಜೊತೆಗಿರಲು ಜನರನ್ನು ಕೇಳಿದ, ಅಲ್ವಾ? ನಾನು ಯಾರನ್ನೂ ಕೇಳಿರಲಿಲ್ಲ. ಕೇಳದೆ ಇರುವುದೇ ತ್ಯಾಗ ಅಂದುಕೊಂಡಿದ್ದೆ. ಇದು ನನ್ನ ದೊಡ್ಡ ತಪ್ಪು. ಎಲ್ಲವನ್ನೂ ಒಬ್ಬರೇ ನುಂಗಿಕೊಂಡು ಕೂರುವುದನ್ನು ಸಮರ್ಪಣೆ ಅಂತ ಯಾರಾದರೂ ನಿಮಗೆ ಹೇಳಿದರೆ, ದಯವಿಟ್ಟು ನಂಬಬೇಡಿ.

ನನ್ನ ಪ್ರಾರ್ಥನೆ ಬದಲಾಯಿತು. ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. "ತಂದೆಯೇ, ಸಾಕಾಗಿದೆ. ಅಣ್ಣನ ಮೇಲೆ ಸಿಟ್ಟಿದೆ." ಆಮೇಲೆ ಸುಮ್ನೆ ಸ್ವಲ್ಪ ಹೊತ್ತು ಕೂರುತ್ತೇನೆ. ಕೊನೆಗೆ, "ಈವತ್ತಿನ ಲೆಕ್ಕ ನಿನ್ನದು." ಈವತ್ತಿನದು ಮಾತ್ರ. ನನ್ನ ಹಿಂದೆ ಬರುವವನು ತನ್ನ ಶಿಲುಬೆ ಹೊರಲಿ ಎಂಬ ಯೇಸುವಿನ ಮಾತನ್ನು ಮತ್ತಾಯ, ಮಾರ್ಕರೂ ಬರೆದಿದ್ದಾರೆ, ಆದರೆ 'ದಿನಾಲೂ' ಅನ್ನುವ ಪದ ಇರುವುದು ಲೂಕ 9:23ರಲ್ಲಿ ಮಾತ್ರ. ಆ ಒಂದು ಪದದಿಂದ ನನಗೆ ಎಷ್ಟೋ ಹಗುರವಾಯಿತು.

ಒಂದು ವಾರ ಹೀಗೆ ಕಳೆದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಹಳೆಯದೇನೂ ಎತ್ತಲಿಲ್ಲ. "ಅಣ್ಣಾ, ನನ್ನ ಕೈಲಿ ಆಗ್ತಿಲ್ಲ, ಶನಿವಾರ ರಾತ್ರಿ ಬಂದಿರ್ತೀಯಾ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀನು ಯಾವತ್ತೂ ಕರೀಲೇ ಇಲ್ವಲ್ಲ" ಅಂದ.

ಶನಿವಾರ ಬಂದ. ಎಲ್ಲ ವಾರವೂ ಬರುವುದಿಲ್ಲ. ಅವನು ಬರದ ರಾತ್ರಿ ಅಮ್ಮನ ಹಾಸಿಗೆಯ ಬಟ್ಟೆ ಎರಡನೇ ಸಲ ಬದಲಿಸುವಾಗ ಮನಸ್ಸು ಮತ್ತೆ ಎಣಿಸಲು ಶುರು ಮಾಡುತ್ತದೆ. ಹೊದಿಕೆಯ ಅಂಚು ಒಳಗೆ ಸೇರಿಸುತ್ತಾ ಅದೇ ಮಾತು ಹೇಳುತ್ತೇನೆ. ಕೆಲವು ರಾತ್ರಿ ಮೂರು ಸಲಕ್ಕಿಂತ ಜಾಸ್ತಿ.