ಗಾಳಿಗೂ ರೊಕ್ಕ ಹೋಗ್ತದ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಫೌಂಡ್ರಿ. ಅಲ್ಲಿನ ಮೇಂಟೆನೆನ್ಸ್ ನನ್ನ ಹೊಣೆ. ಕರೆಂಟ್ ಬಿಲ್ ಬಂದ ದಿನ ಎಲ್ಲರ ಕಣ್ಣೂ ಫರ್ನೇಸ್ ಮೇಲೆ. ಟನ್ ಬೀಡುಕಬ್ಬಿಣ ಕರಗಿಸಲು ಅದು 600 ಯೂನಿಟ್ ಆಸುಪಾಸು ಎಳೆಯುತ್ತದೆ, ಹಾಗಾಗಿ ತಪ್ಪೇನಿಲ್ಲ. ಮಷಿನ್‌ಗಳಿಗೆ ಗಾಳಿ ಒತ್ತಿ ಕಳಿಸುವ ಕಂಪ್ರೆಸರ್ ಮಾತೆತ್ತಿದರೆ ಮೋಲ್ಡಿಂಗ್ ಮೇಸ್ತ್ರಿ ನಕ್ಕರು: "ಗಾಳಿಗೂ ರೊಕ್ಕಾ ಕೊಡ್ತಾರೇನ್ರೀ?"

2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2012ರಲ್ಲಿ ಶುರುವಾದ, ಇಂಧನ ಉಳಿಸುವ ಗುರಿ ಕೊಡುವ ಪ್ಯಾಟ್ ಯೋಜನೆ ಸಿಮೆಂಟ್, ಉಕ್ಕಿನಂಥ ದೊಡ್ಡವರಿಗೆ. ಸಿಮೆಂಟಿನಲ್ಲಾದರೆ ವರ್ಷಕ್ಕೆ 30,000 ಟನ್ ತೈಲಕ್ಕೆ ಸಮನಾದ ಇಂಧನ ಬಳಸುವವರು ಅದರೊಳಗೆ ಬರುತ್ತಿದ್ದರು. ನಮಗೆ ನೋಟಿಸ್ ಕೊಡುವವರಿಲ್ಲ. ಆದರೂ ಎನರ್ಜಿ ಆಡಿಟರ್‌ಗಳು ಮಾಡುವ ಸೋರಿಕೆ ಪರೀಕ್ಷೆಯನ್ನು ರಜೆ ದಿನ ನಾನೇ ಮಾಡಿದೆ. ಎಲ್ಲ ಮಷಿನ್ ಬಂದ್, 50 ಎಚ್‌ಪಿ ಕಂಪ್ರೆಸರ್ ಒಂದೇ ಚಾಲೂ. ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್. 100 ಸೆಕೆಂಡ್ ಲೋಡ್ (ಗಾಳಿ ತುಂಬುವ ಹೊತ್ತು), 200 ಸೆಕೆಂಡ್ ಅನ್‌ಲೋಡ್ (ತುಂಬದೆ ಸುಮ್ಮನೆ ತಿರುಗುವ ಹೊತ್ತು). ಅಂದರೆ ಯಾರೂ ಬಳಸದೇ ಕಂಪ್ರೆಸರ್ ಸಾಮರ್ಥ್ಯದ ಮೂರರಲ್ಲೊಂದು ಪಾಲು ಗಾಳಿ ಸೋರುತ್ತಿತ್ತು! ಶೇ. 10ರೊಳಗಿದ್ದರೆ ಚೆನ್ನ.

ಗದ್ದಲವಿಲ್ಲದ ಶೆಡ್ಡಿನಲ್ಲಿ ಆ ಸುಯ್ಯೆನ್ನುವ ಸದ್ದು ಕೇಳಬೇಕು ನೀವು. ಸಾಬೂನು ನೀರು, ಹಳೇ ಪೇಂಟ್ ಬ್ರಷ್ ಹಿಡಿದು ಹೊರಟೆ. ಗುಳ್ಳೆ ಎದ್ದಲ್ಲೆಲ್ಲ ಸೀಮೆಸುಣ್ಣದ ಗುರುತು. ಪೈಪಿಗಿಂತ ಹೋಸ್ ಕ್ಲಾಂಪ್, ಕಪ್ಲಿಂಗ್, ನೀರು ಬಸಿಯುವ ಡ್ರೇನ್ ವಾಲ್ವುಗಳೇ ಕಳ್ಳರು. ಮುಂದಿನ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಮತ್ತೆ ಅಳೆದಾಗ 40 ಸೆಕೆಂಡ್ ಲೋಡ್, 310 ಅನ್‌ಲೋಡ್.

ಆ ಹುಮ್ಮಸ್ಸಿನಲ್ಲೇ ಎಡವಿದೆ. ಒತ್ತಡ ಒಂದು ಬಾರ್ ಇಳಿಸಿದರೆ ಶೇ. 6-7 ಕರೆಂಟ್ ಉಳಿಯುತ್ತದೆಂದು, ಯಾರಿಗೂ ಹೇಳದೆ 7.5ರಿಂದ 6.5ಕ್ಕೆ ತಂದೆ. ಮರಳು ಒತ್ತುವ ಗಾಳಿಗೆ ಬಲ ಸಾಲದೆ ಆ ಶಿಫ್ಟಿನ ಅಚ್ಚುಗಳು ಮೆತ್ತಗಾಗಿ ಎರಕ ಉಬ್ಬಿತು. ಮೇಸ್ತ್ರಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಗೇಜ್ ಕಟ್ಟಿ ನೋಡಿದರೆ, ಮೋಲ್ಡಿಂಗ್ ಮಷಿನ್‌ಗೆ ಹೋಗುವ ಮುಕ್ಕಾಲು ಇಂಚಿನ ಪೈಪಿನಲ್ಲೇ ಒತ್ತಡ ಕುಸಿಯುತ್ತಿತ್ತು. ಒಂದೂವರೆ ಇಂಚಿನದು ಹಾಕಿದ ಮೇಲೆ 6.5 ಸಾಕಾಯಿತು.

ಮೈಮೇಲಿನ ಧೂಳನ್ನು ಗಾಳಿಯಿಂದ ಊದಿಕೊಳ್ಳುವ ಚಟ ಮಾತ್ರ ಇನ್ನೂ ಬಿಡಿಸಲಾಗಿಲ್ಲ. ಅಪಾಯ ಕೂಡ ಅದು.

ಈಗ ಪ್ರತಿ ಅಮಾವಾಸ್ಯೆಗೂ ಅಳೆಯುತ್ತೇನೆ. ಹೋದ ಸಲ ಸೋರಿಕೆ ಮತ್ತೆ ಏರಿತ್ತು. ಸಾಬೂನು ನೀರು ಹಿಡಿದು ಹುಡುಕಿದ್ದು ಮೇಸ್ತ್ರಿಯೇ. ನಾನೇ ಬಿಗಿದಿದ್ದ ಕ್ಲಾಂಪಿಗೆ ಸೀಮೆಸುಣ್ಣ ಬಳಿದು, "ಸಾಹೇಬ್ರ, ಇದ್ರ ರೊಕ್ಕಾ ಯಾರ ಕಡೆ ಇಸ್ಕೋಳೂಣು?" ಎಂದರು.