ವನಸ್ಪತಿ ಬಿಟ್ಟ ಮೇಲೆ ನಮ್ಮ ಖಾರಾ ಬಿಸ್ಕತ್ತು

ವನಸ್ಪತಿ ಇಲ್ಲದೆ ಖಾರಾ ಬಿಸ್ಕತ್ತು ಗರಿಗರಿ ಬರಲ್ಲ ಅನ್ನದ ಬೇಕರಿಯವರನ್ನು ನಾನು ನೋಡಿಲ್ಲ. ನಮ್ಮ ಚಿಕ್ಕಪ್ಪನೇ, "ಲೋ, ಬೆಣ್ಣೆ ಹಾಕಿ ಬೇಕರಿ ನಡೆಸೋಕೆ ಹೋದ್ರೆ ಅಂಗಡಿ ಮಾರಿ ಹಾಸನದ ಬಸ್ಸು ಹತ್ಬೇಕಾಗುತ್ತೆ" ಅಂದಿದ್ದರು. ಈಗ ಅವರ ಅಂಗಡಿಗೂ ನಮ್ಮ ಬಿಸ್ಕತ್ತೇ ಹೋಗುತ್ತದೆ.

2022ರ ಜನವರಿಯಿಂದ ವನಸ್ಪತಿಯಂಥ ಕೊಬ್ಬಿನಲ್ಲಿ, ಕಾರ್ಖಾನೆಯಲ್ಲಿ ಎಣ್ಣೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಫ್ಯಾಟ್ 2% ದಾಟಬಾರದು ಅನ್ನೋದು ನಿಮಗೆ ಗೊತ್ತೇ ಇದೆ. ಕೆಟ್ಟ ಕೊಲೆಸ್ಟ್ರಾಲ್ ಏರಿಸಿ, ಒಳ್ಳೆಯದನ್ನು ಇಳಿಸೋ ಕೊಬ್ಬು ಅದು. "ಈಗಿನ ಟಿನ್ನಲ್ಲಿ ಅದಿಲ್ಲವಲ್ಲ ಸಾರ್" ಅಂತ ಮಾಲು ಹಾಕುವವನ ವಾದ. ಲೇಬಲ್ಲೇ ಇಲ್ಲದ ಲೂಸ್ ಮಾಲು ಇಳಿಸಿ ಆಡುವ ಮಾತಾ ಇದು?

ಮೊದಲು ಸೂರ್ಯಕಾಂತಿ ಎಣ್ಣೆ ಹಾಕಿದೆ. ಎಣ್ಣೆ ಗಾಳಿ ಹಿಡಿಯಲ್ಲ. ಬಿಸ್ಕತ್ತು ಕೈಯಲ್ಲೇ ಪುಡಿಯಾಯಿತು, ಕಟ್ಟಿದ ಪೇಪರೆಲ್ಲ ಎಣ್ಣೆ. ಕಡಲೆಕಾಯಿ ಎಣ್ಣೆಯದು ರುಚಿ ಏನೋ ಜೋರಾಗಿತ್ತು, ಆದರೆ ವಾರ ಕಳೆಯೋದರೊಳಗೆ ಕಮಟು. ಕೊಬ್ಬರಿ ಎಣ್ಣೆ ಫ್ರಿಜ್ಜಲ್ಲಿ ಕಲ್ಲಾಗುತ್ತೆ, ಹೊರಗೆ ತಂದರೆ ಬೆರಳ ಬಿಸಿಗೇ ನೀರಾಗುತ್ತೆ. ಮಂಗಳೂರು ಕಡೆಯ ಗಿರಾಕಿಯೊಬ್ಬರು ಮಾತ್ರ ಆ ಬಿಸ್ಕತ್ತನ್ನು ಇವತ್ತಿಗೂ ಕೇಳ್ತಾರೆ!

ಬರೀ ಬೆಣ್ಣೆಗೆ ಬಂದಾಗ ಹಿಟ್ಟು ಅಂಟಂಟಾಯಿತು. ವನಸ್ಪತಿ ಪೂರ್ತಿ ಕೊಬ್ಬು; ಬೆಣ್ಣೆಯಲ್ಲಿ ಕೊಬ್ಬು 80% ಅಷ್ಟೇ, ಮಿಕ್ಕಿದ್ದು ಹೆಚ್ಚಾಗಿ ನೀರು. ಹಾಗಾಗಿ ಬೆಣ್ಣೆ ಜಾಸ್ತಿ ಬೇಕು, ಮೊಸರು ಕಮ್ಮಿ ಬೇಕು. ಆ ತಿಂಗಳು ದನಕ್ಕೆ ಹಾಕಿದ ಮಾಲೇ ಹತ್ತು–ಹನ್ನೆರಡು ಸಾವಿರದ್ದು ಇರಬೇಕು.

ಕೊನೆಗೆ ಕೈ ಹಿಡಿದದ್ದು ಮಿಶ್ರಣ. ಎರಡು ಪಾಲು ಉಪ್ಪಿಲ್ಲದ ಬೆಣ್ಣೆ, ಒಂದು ಪಾಲು ರೈಸ್ ಬ್ರಾನ್ ಎಣ್ಣೆ. ಬೆಣ್ಣೆ, ಸಕ್ಕರೆ ಬೆಳ್ಳಗಾಗುವವರೆಗೆ ಮಿಕ್ಸರಿಗೆ ಬಿಟ್ಟು, ಆಮೇಲೆ ತಣ್ಣನೆಯ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬೇಕು. ಮೈದಾನೂ ರಾತ್ರಿಯೇ ಫ್ರಿಜ್ಜಿಗೆ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನ ನೀರು ಒರೆಸಿ ಹೆಚ್ಚಬೇಕು, ಇಲ್ಲದಿದ್ದರೆ ನಡುವೆ ಮೆತ್ತಗಾಗುತ್ತೆ. ಮೊಸರನ್ನು ಯಾವಾಗ, ಹೇಗೆ ಸೇರಿಸೋದು ಅನ್ನೋದು ನಮ್ಮ ಅಂಗಡಿಯಲ್ಲೇ ಇರಲಿ. ಅದಕ್ಕೂ ದುಡ್ಡು ಕಳ್ಕೊಂಡಿದ್ದೀನಿ!

ಬೆಣ್ಣೆಯೇನೂ ಔಷಧಿಯಲ್ಲ. ಅದರ ಕೊಬ್ಬಿನಲ್ಲಿ ಅರ್ಧಕ್ಕೂ ಜಾಸ್ತಿ ಸ್ಯಾಚುರೇಟೆಡ್ಡೇ (ಅದೂ ಕೆಟ್ಟ ಕೊಲೆಸ್ಟ್ರಾಲ್ ಏರಿಸೋದೇ), ಸಹಜವಾಗಿ ಚೂರು ಟ್ರಾನ್ಸ್ ಫ್ಯಾಟೂ ಇದೆ. ರೈಸ್ ಬ್ರಾನ್ ಸೇರಿಸಿದ್ದಕ್ಕೆ ಖರ್ಚಿನಷ್ಟೇ ಇದೂ ಕಾರಣ. "ಹೃದಯಕ್ಕೆ ಒಳ್ಳೆಯದು" ಅಂತ ಬೋರ್ಡು ಹಾಕೋಣ ಅಂದ ಹುಡುಗನಿಗೆ ಬೈದೆ. ಅರ್ಧ ಕೆ.ಜಿ. ಒಂದೇ ಸಂಜೆ ಖಾಲಿ ಮಾಡುವವರಿಗೆ ಯಾವ ಕೊಬ್ಬಾದರೇನು?

ಪಫ್ಸ್ ಬೇರೆ ಕತೆ. ಏಪ್ರಿಲ್‌ನಲ್ಲಿ ಬೆಣ್ಣೆ ಪದರದಿಂದ ಜಾರಿ ಟ್ರೇನಲ್ಲಿ ನಿಂತಿತು, ಪಫ್ಸ್ ಚಪ್ಪಟೆ. ಈಗ ಬೆಳಗಿನ ಜಾವ ನಾಲ್ಕಕ್ಕೆ ಕಡಪ ಕಲ್ಲಿನ ಮೇಲೆ ಲಟ್ಟಿಸಿ, ಪ್ರತಿ ಮಡಿಕೆಗೂ ಅರ್ಧ ಗಂಟೆ ಫ್ರಿಜ್ಜಲ್ಲಿಡ್ತೀವಿ. ದಿನಕ್ಕೆ ಎಂಬತ್ತರ ಮೇಲೆ ಆಗಲ್ಲ. ಹತ್ತೂವರೆಗೆ ಮುಗಿದಿರುತ್ತೆ.

ವನಸ್ಪತಿ ಕೆ.ಜಿ.ಗೆ ನೂರನಲವತ್ತರ ಆಸುಪಾಸು ಇದ್ದಾಗ ಬೆಣ್ಣೆ ಐನೂರು ದಾಟಿತ್ತು. ಬಿಸ್ಕತ್ತಿಗೆ ಕೆ.ಜಿ. ಮೇಲೆ ಎಂಬತ್ತು ರೂಪಾಯಿ ಏರಿಸಿದೆ. ಎರಡು ತಿಂಗಳು ಗಿರಾಕಿ ಕಮ್ಮಿಯಾದರು, ದೀಪಾವಳಿ ಹೊತ್ತಿಗೆ ವಾಪಸ್ ಬಂದರು. ಕೇಕಿನ ಕ್ರೀಮ್ ಮಾತ್ರ ಇನ್ನೂ ಡಬ್ಬದ್ದೇ. ಹಾಲಿನ ಕೆನೆಯಲ್ಲಿ ಮಾಡಿದ್ದು ಸಂಜೆವರೆಗೂ ನಿಲ್ಲುತ್ತಿಲ್ಲ. ಯಾರಾದರೂ ನಿಲ್ಲಿಸಿದ್ದರೆ ಹೇಳಿ, ಮೊಸರಿನ ಗುಟ್ಟು ಬದಲಿಗೆ ಕೊಡ್ತೀನಿ.